ಸುಕ್ಕಿನ ಇಂಜೆಕ್ಷನ್: ಕೊಡಗಿನಲ್ಲಿ ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗಳು

ನಮ್ಮ ಅವ್ವನಿಗೆ ಈ ಇಂಜೆಕ್ಷನ್ ಶುರುವಾಗಿ ನಾಲ್ಕು ವರ್ಷ ಆಯಿತು. ಮುಖದ ಅಂದಕ್ಕಲ್ಲ, ಕಣ್ಣು ತೆರೆದು ನೋಡುವುದಕ್ಕೆ. ಆದರೂ ಊರಲ್ಲಿ ಹಬ್ಬಿದ ಸುದ್ದಿ ಏನಂದರೆ "ಅವರು ಮೈಸೂರಿಗೆ ಹೋಗಿ ಬೊಟಾಕ್ಸ್ ಹಾಕಿಸಿಕೊಂಡು ಬರ್ತಾರಂತೆ" ಅಂತ. ಅಲ್ಲಿಂದ ಮದುವೆ ಮನೆ, ಸಂತೆ, ಬಸ್ ಸ್ಟ್ಯಾಂಡ್, ಎಲ್ಲಿ ಹೋದರೂ ನನಗೆ ಪ್ರಶ್ನೆಗಳು. ಸುಕ್ಕಿನ ಬಗ್ಗೆ ಕೇಳುವವರು ನಗುತ್ತಾ ಕೇಳುತ್ತಾರೆ. ಕಾಯಿಲೆ ಬಗ್ಗೆ ಕೇಳುವವರು ಮೂಲೆಗೆ ಕರೆದು ಪಿಸುಗುಟ್ಟುತ್ತಾರೆ. ಹಾಗೆ ಪಿಸುಗುಟ್ಟುವವರಿಗೋಸ್ಕರವೇ ಇದನ್ನು ಬರೆಯಲು ಕೂತೆ. ನಾನು ಡಾಕ್ಟರ್ ಅಲ್ಲ. ನಾಲ್ಕು ವರ್ಷ ಡಾಕ್ಟರ್‌ಗಳನ್ನು ಕೇಳಿ, ಓದಿ, ಹತ್ತಿರದಿಂದ ನೋಡಿ ತಿಳಿದುಕೊಂಡದ್ದು ಇಷ್ಟು.

ಬೊಟಾಕ್ಸ್ ಅಂದ್ರೆ ವಿಷ ಅಂತಾರಲ್ಲ, ನಿಜಾನಾ?

ನಿಜ. ಮುಚ್ಚಿಡುವಂಥದ್ದು ಏನಿಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ವಿಷ ಅದು. ಮನುಷ್ಯನಿಗೆ ಗೊತ್ತಿರುವ ವಿಷಗಳಲ್ಲೇ ಅತಿ ಘೋರವಾದದ್ದು. ಬೊಟುಲಸ್ ಅಂದರೆ ಲ್ಯಾಟಿನ್‌ನಲ್ಲಿ ಸಾಸೇಜ್. ಸುಮಾರು ಇನ್ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಕೆಟ್ಟ ಸಾಸೇಜ್ ತಿಂದು ಜನ ಸಾಯುತ್ತಿದ್ದರು. ಆ ಕೇಸುಗಳನ್ನು ಯುಸ್ಟಿನುಸ್ ಕೆರ್ನರ್ ಎಂಬ ಡಾಕ್ಟರ್ ಒಂದೊಂದಾಗಿ ಬರೆದಿಟ್ಟರು. ಇದೇ ವಿಷವನ್ನು ತೀರಾ ಸ್ವಲ್ಪ ಕೊಟ್ಟರೆ ಔಷಧಿ ಆಗಬಹುದು ಅಂತಲೂ ಆಗಲೇ ಊಹಿಸಿದ್ದರು.

ಇಲ್ಲಿ ಎಲ್ಲವೂ ಪ್ರಮಾಣದ ಮಾತು. ಒಂದು ಗ್ರಾಂನ ನೂರು ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗ ನ್ಯಾನೋಗ್ರಾಂ. ಈ ಔಷಧಿಯನ್ನು ಅಳೆಯುವುದು ಯೂನಿಟ್ ಲೆಕ್ಕದಲ್ಲಿ. 100 ಯೂನಿಟ್‌ನ ಸೀಸೆಯಲ್ಲಿರುವುದು ಕೆಲವೇ ನ್ಯಾನೋಗ್ರಾಂ. ಹುಬ್ಬಿನ ನಡುವಿನ ಗೆರೆಗೆ ಹಾಕುವುದು ಅದರಲ್ಲಿ 20 ಯೂನಿಟ್, ಅದೂ ಐದು ಕಡೆ ಹಂಚಿ. ಗೊತ್ತಿರುವ ಕೈ ಹಾಕಿದರೆ ಔಷಧಿ. ಗೊತ್ತಿಲ್ಲದ ಕೈ ಹಾಕಿದರೆ ಏನಾಗುತ್ತದೆ ಅಂತ ಕೆಳಗೆ ಹೇಳುತ್ತೇನೆ.

ಇನ್ನೊಂದು ಮಾತು. ಬೊಟಾಕ್ಸ್ ಅನ್ನುವುದು ಒಂದು ಬ್ರ್ಯಾಂಡಿನ ಹೆಸರು. ಡಿಸ್ಪೋರ್ಟ್, ಜಿಯೋಮಿನ್ ಅಂತ ಬೇರೆಯವೂ ಇವೆ. ಒಂದರ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ, ಹಾಗಾಗಿ "ಅವರಿಗೆ ಅಷ್ಟು ಹಾಕಿದ್ದಾರೆ, ನನಗೆ ಯಾಕೆ ಇಷ್ಟು" ಅಂತ ಹೋಲಿಸಬೇಡಿ. ಪಾರ್ಲರ್ ಬೋರ್ಡಿನಲ್ಲಿ ಕಾಣುವ "ಹೇರ್ ಬೊಟಾಕ್ಸ್" ಬೇರೆಯೇ. ಅದು ಕೂದಲಿಗೆ ಹಚ್ಚುವ ಕ್ರೀಮು, ಅದರಲ್ಲಿ ಈ ಔಷಧಿ ಇರುವುದೇ ಇಲ್ಲ.

ಒಳಗೆ ಹೋಗಿ ಅದು ಮಾಡುವುದೇನು?

ಮಾಂಸಖಂಡ ಬಿಗಿಯಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಗೆ ಬರಬೇಕು. ಈ ಔಷಧಿ ಅದು ಬರದ ಹಾಗೆ ತಡೆಯುತ್ತದೆ. ಫೆಬ್ರವರಿಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಪಂಪ್ ಓಡುತ್ತಲೇ ಇದ್ದರೂ ಒಂದು ಲೈನಿನ ವಾಲ್ವ್ ಮುಚ್ಚಿದರೆ ಆ ಲೈನಿಗೆ ಮಾತ್ರ ನೀರು ಹೋಗುವುದಿಲ್ಲ ಅಲ್ವಾ, ಹಾಗೆ. ಮೆದುಳು ಹೇಳುತ್ತಲೇ ಇರುತ್ತದೆ, ಚುಚ್ಚಿದ ಜಾಗದ ಮಾಂಸಖಂಡಕ್ಕೆ ಮಾತ್ರ ಅದು ತಲುಪುವುದಿಲ್ಲ. ಮೂರ್ನಾಲ್ಕು ದಿನಕ್ಕೆ ಗೊತ್ತಾಗಲು ಶುರುವಾಗುತ್ತದೆ, ಎರಡು ವಾರಕ್ಕೆ ಪೂರ್ತಿ ಕಾಣುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನರದ ತುದಿ ಮತ್ತೆ ಸರಿಯಾಗಿ ಎಲ್ಲ ಮೊದಲಿನಂತೆ.

ಚರ್ಮ ಮರಗಟ್ಟುತ್ತದೆ ಅನ್ನುವುದು ತಪ್ಪು. ಮುಟ್ಟಿದರೆ ಗೊತ್ತಾಗುತ್ತದೆ. ನಿಲ್ಲುವುದು ಎಳೆತ ಮಾತ್ರ.

ಇದು ಶುರುವಾದದ್ದು ಅಂದಕ್ಕಾ, ಕಾಯಿಲೆಗಾ?

ಕಾಯಿಲೆಗೆ! ಇದನ್ನು ನಾನು ಎಲ್ಲರ ಹತ್ತಿರವೂ ಒತ್ತಿ ಹೇಳುತ್ತೇನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲನ್ ಸ್ಕಾಟ್ ಎಂಬ ಕಣ್ಣಿನ ಡಾಕ್ಟರ್ ಇದ್ದರು. ಮೆಳ್ಳೆಗಣ್ಣನ್ನು ಆಪರೇಷನ್ ಇಲ್ಲದೆ ಸರಿಮಾಡಲು ಆಗುತ್ತದಾ ಅಂತ ಹುಡುಕುತ್ತಾ 1970ರ ದಶಕದಲ್ಲಿ ಈ ವಿಷವನ್ನು ಪರೀಕ್ಷಿಸಿದರು. 1989ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ತಾನೇ ಬಿಗಿಯಾಗಿ ಮುಚ್ಚಿಕೊಳ್ಳುವ ಕಾಯಿಲೆಗೆ. ಎರಡನೆಯದು ನಮ್ಮ ಅವ್ವನದು.

ಸುಕ್ಕಿನ ವಿಷಯ ಗೊತ್ತಾದದ್ದು ಆಕಸ್ಮಿಕ. ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುದರ್ಸ್ ಎಂಬ ಕಣ್ಣಿನ ಡಾಕ್ಟರಮ್ಮ ಇದೇ ರೆಪ್ಪೆಯ ಕಾಯಿಲೆಗೆ ಇಂಜೆಕ್ಷನ್ ಕೊಡುತ್ತಿದ್ದರು. ಹಾಕಿಸಿಕೊಂಡವರ ಹುಬ್ಬಿನ ನಡುವಿನ ಗೆರೆಯೂ ಹೋಗುತ್ತಿರುವುದು ಅವರ ಗಮನಕ್ಕೆ ಬಂತು. ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ಇಬ್ಬರೂ ಸೇರಿ 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅಮೆರಿಕದಲ್ಲಿ ಸುಕ್ಕಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅಂದರೆ ಕಾಯಿಲೆಗೆ ಸಿಕ್ಕಿ ಹದಿಮೂರು ವರ್ಷದ ಮೇಲೆ.

ಯಾವ ಸುಕ್ಕು ಹೋಗುತ್ತದೆ?

ಮುಖ ಆಡಿಸಿದಾಗ ಬೀಳುವ ಗೆರೆಗಳು. ಹುಬ್ಬು ಗಂಟಿಕ್ಕಿದಾಗ ನಡುವೆ ನಿಲ್ಲುವ ಗೆರೆ, ಹುಬ್ಬೇರಿಸಿದಾಗ ಹಣೆಯ ಅಡ್ಡಗೆರೆ, ನಕ್ಕಾಗ ಕಣ್ಣಿನ ಪಕ್ಕ ಬೀಳುವ ಗೆರೆ. ಕನ್ನಡಿ ಮುಂದೆ ನಿಂತು ಮುಖ ಸಡಿಲ ಬಿಡಿ. ಆಗ ಗೆರೆ ಕಾಣದಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸುಮ್ನೆ ಇದ್ದಾಗಲೂ ಆಳವಾಗಿ ಕಂಡರೆ ಸ್ವಲ್ಪ ಕಮ್ಮಿಯಾಗಬಹುದು, ಪೂರ್ತಿ ಹೋಗುವುದಿಲ್ಲ.

ವರ್ಷಗಟ್ಟಲೆ ತೋಟದಲ್ಲಿ ನಿಂತು, ಕಣದಲ್ಲಿ ಕಾಫಿ ಕೆದಕಿ, ಬಿಸಿಲಿಗೆ ಒರಟಾದ ಚರ್ಮಕ್ಕೆ, ಕಪ್ಪು ಕಲೆಗೆ, ಜೋತುಬಿದ್ದ ಕೆನ್ನೆಗೆ ಇದರಿಂದ ಏನೂ ಆಗುವುದಿಲ್ಲ. ಅದಕ್ಕೆ ಸನ್‌ಸ್ಕ್ರೀನ್, ಅಗಲ ಅಂಚಿನ ಟೊಪ್ಪಿ. ಮಡಿಕೇರಿಯಲ್ಲಿ ಚಳಿ ಇದೆ, ಮೋಡ ಇದೆ ಅಂತ ಬಿಸಿಲು ಸುಡುವುದಿಲ್ಲ ಅಂದುಕೊಳ್ಳಬೇಡಿ. ಎತ್ತರದ ಊರಿನಲ್ಲಿ ಚರ್ಮಕ್ಕೆ ಬೀಳುವ ನೇರಳಾತೀತ ಕಿರಣ ಇನ್ನೂ ಸ್ವಲ್ಪ ಜಾಸ್ತಿಯೇ.

ಕೆನ್ನೆ, ತುಟಿ ತುಂಬಿಸುವ ಫಿಲ್ಲರ್ ಬೇರೆ ಔಷಧಿ, ಅದರ ಅಪಾಯವೂ ಬೇರೆ. ಅದು ರಕ್ತನಾಳಕ್ಕೆ ಹೋದರೆ ಕಣ್ಣೇ ಹೋಗಬಹುದು. ಎರಡನ್ನೂ ಒಂದೇ ಅಂತ ಹೇಳಿ ಮಾರುವವರು ಇದ್ದಾರೆ, ಕೇಳಿ ತಿಳಿದುಕೊಳ್ಳಿ.

ಮದುವೆಗೆ ಎಷ್ಟು ದಿನ ಮೊದಲು ಹಾಕಿಸಬೇಕು?

ಹಿಂದಿನ ವಾರ ಖಂಡಿತ ಬೇಡ. ಪರಿಣಾಮ ಪೂರ್ತಿ ಕಾಣಲು ಎರಡು ವಾರ ಬೇಕು. ಹುಬ್ಬು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗಿದ್ದರೆ ಸರಿಮಾಡುವುದಕ್ಕೆ ಇನ್ನೆರಡು ವಾರ. ಮೊದಲ ಸಲ ಆದರೆ ಎರಡು ತಿಂಗಳಾದರೂ ಮೊದಲೇ ಮಾಡಿಸಿ. ಮುಖ ಹೇಗೆ ಕಾಣುತ್ತದೆ, ನಿಮಗೆ ಇಷ್ಟವಾಗುತ್ತದಾ ಅಂತ ನೋಡಲು ಸಮಯ ಇರುತ್ತದೆ. ಇಷ್ಟವಾಗದಿದ್ದರೆ? ಇದನ್ನು ತೆಗೆಯುವ ಔಷಧಿ ಇಲ್ಲ. ತಾನಾಗಿ ಇಳಿಯುವವರೆಗೆ ಕಾಯಬೇಕು. ಏಪ್ರಿಲ್, ಮೇ ಮದುವೆ ಇಟ್ಟುಕೊಂಡವರು ಕಾಫಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಯೋಚಿಸಿ.

ತುಂಬ ನೋವಾಗುತ್ತದಾ? ಆಮೇಲೆ ಏನು ಪಥ್ಯ?

ಸೂಜಿ ಕೂದಲಿನಷ್ಟು ಸಣ್ಣದು. ಜೇನುಹುಳ ಕಚ್ಚಿದ್ದಕ್ಕಿಂತ ಎಷ್ಟೋ ಕಮ್ಮಿ ಅಂತಾರೆ ಅವ್ವ. ಹತ್ತು ಹದಿನೈದು ನಿಮಿಷದ ಕೆಲಸ, ಅಡ್ಮಿಟ್ ಆಗುವುದಿಲ್ಲ. ಊಟಕ್ಕೆ ಪಥ್ಯ ಏನೂ ಇಲ್ಲ.

ಅವತ್ತು ಚುಚ್ಚಿದ ಜಾಗ ಉಜ್ಜಬಾರದು, ಮಸಾಜ್, ಫೇಶಿಯಲ್ ಬೇಡ, ನಾಲ್ಕು ಗಂಟೆ ಮಲಗಬೇಡಿ, ಭಾರದ ಕೆಲಸ ಮಾಡಬೇಡಿ ಅಂತ ನಮಗೆ ಹೇಳಿದ್ದರು. ನಮ್ಮ ಕಡೆಯವರಿಗೆ ಇದರಲ್ಲಿ ಕಷ್ಟ ಬಸ್ಸಿನದು. ಮೈಸೂರಿನಿಂದ ಹೊರಟ ಬಸ್ಸಿನಲ್ಲಿ ಹುಣಸೂರು ದಾಟುವುದರೊಳಗೆ ಕಿಟಕಿಗೆ ಮುಖ ಒರಗಿಸಿ ನಿದ್ದೆ ಹೋಗುವುದು ಎಲ್ಲರಿಗೂ ಅಭ್ಯಾಸ. ಅವತ್ತೊಂದು ದಿನ ಪಕ್ಕದಲ್ಲಿ ಮಾತಾಡಿಸುವವರನ್ನು ಕೂರಿಸಿಕೊಳ್ಳಿ.

ಯಾವ ಯಾವ ಕಾಯಿಲೆಗೆ ಕೊಡುತ್ತಾರೆ?

ಅವ್ವನ ಕಥೆಯಿಂದಲೇ ಶುರುಮಾಡುತ್ತೇನೆ. ಮೊದಲು ಕಣ್ಣು ಜಾಸ್ತಿ ಪಿಳುಕಿಸುತ್ತಿದ್ದರು. ಬೆಳಕು ನೋಡಿದರೆ ಚುಚ್ಚಿದ ಹಾಗೆ. ಧೂಳು ಅಂದುಕೊಂಡೆವು. ಡ್ರಾಪ್ಸ್ ಹಾಕಿದೆವು, ಎರಡು ಸಲ ಕನ್ನಡಕ ಬದಲಾಯಿಸಿದೆವು. ದೃಷ್ಟಿ ತಾಗಿದೆ ಅಂತ ಯಾರೋ ಹೇಳಿದ್ದಕ್ಕೆ ಅದನ್ನೂ ತೆಗೆಸಿದೆವು. ಎರಡನೇ ವರ್ಷಕ್ಕೆ ಕಣದಲ್ಲಿ ಬಿಸಿಲಿಗೆ ನಿಂತರೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದು ನೋಡುವ ಸ್ಥಿತಿ. ಕಣ್ಣು ಚೆನ್ನಾಗಿದೆ, ಆದರೆ ಕಾಣುವುದಿಲ್ಲ. ಕೊನೆಗೆ ಒಬ್ಬ ಕಣ್ಣಿನ ಡಾಕ್ಟರ್ "ಕಣ್ಣಲ್ಲಿ ತೊಂದರೆ ಇಲ್ಲ, ನರದ ಡಾಕ್ಟರಿಗೆ ತೋರಿಸಿ" ಅಂದರು. ಬ್ಲೆಫರೋಸ್ಪಾಸಂ ಎಂಬ ಹೆಸರು ಆಮೇಲೆ ಕೇಳಿದ್ದು. ರೆಪ್ಪೆಯ ಸುತ್ತ ಇಂಜೆಕ್ಷನ್ ಹಾಕಿ ಕಳಿಸಿದರು. ಐದನೇ ದಿನ ಬೆಳಗ್ಗೆ ನಾನು ಏಳುವುದರೊಳಗೆ ಅವ್ವ ಒಬ್ಬರೇ ಕೊಟ್ಟಿಗೆಗೆ ಹೋಗಿ ಹಾಲು ಕರೆದು ತಂದಿದ್ದರು. ಎರಡೂವರೆ ವರ್ಷ ನಾವು ಕಳೆದುಕೊಂಡದ್ದು ಯಾರಿಗೂ ಗೊತ್ತಿರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಇದೇ ಜಾತಿಯವು ಇನ್ನೂ ಇವೆ. ಮುಖದ ಒಂದು ಅರ್ಧ ಮಾತ್ರ ಪಟಪಟ ಸೆಳೆಯುವುದು. ಕುತ್ತಿಗೆ ಒಂದೇ ಕಡೆಗೆ ತಿರುಚಿಕೊಂಡು ನಿಲ್ಲುವುದು. ಬರೆಯಲು ಪೆನ್ನು ಹಿಡಿದರೆ ಸಾಕು, ಕೈ ಸೊಟ್ಟಗಾಗುವುದು. ಇವಕ್ಕೆಲ್ಲ ಈ ಇಂಜೆಕ್ಷನ್ ಬಳಸುತ್ತಾರೆ.

ಲಕ್ವ ಹೊಡೆದು ಕೆಲವು ತಿಂಗಳಾದ ಮೇಲೆ ಕೈ ಮುಷ್ಟಿ ಕಟ್ಟಿಕೊಂಡು, ಉಗುರು ಅಂಗೈಗೆ ಚುಚ್ಚಿ ಹುಣ್ಣಾಗಿರುವವರನ್ನು ನೀವೂ ನೋಡಿರುತ್ತೀರಿ. ಈ ಇಂಜೆಕ್ಷನ್ ಹೋದ ಶಕ್ತಿಯನ್ನು ಮರಳಿ ತರುವುದಿಲ್ಲ. ಆದರೆ ಬಿಗಿತ ಇಳಿಸುತ್ತದೆ. ಕೈ ಬಿಡಿಸಿ ತೊಳೆಯಬಹುದು, ಅಂಗಿ ತೋಳು ತೂರಿಸಬಹುದು, ಫಿಸಿಯೋಥೆರಪಿ ಮಾಡಿಸಬಹುದು. ನೋಡಿಕೊಳ್ಳುವ ಮನೆಯವರಿಗೆ ಅದು ಎಷ್ಟು ದೊಡ್ಡದು ಅಂತ ನೋಡಿಕೊಂಡವರಿಗೇ ಗೊತ್ತು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದಿರುವುದು) ಇರುವ ಮಕ್ಕಳು ತುದಿಗಾಲಲ್ಲಿ ನಡೆಯುತ್ತಿದ್ದರೆ ಮೀನಖಂಡಕ್ಕೆ ಕೊಡುತ್ತಾರೆ, ಜೊತೆಗೆ ವ್ಯಾಯಾಮ ಮತ್ತು ಕಾಲಿಗೆ ಪಟ್ಟಿ. ವ್ಯಾಯಾಮ ಬಿಟ್ಟರೆ ಇಂಜೆಕ್ಷನ್ ದುಡ್ಡು ದಂಡ.

ಮೂತ್ರ ತಡೆಯಲು ಆಗದೆ ಪದೇ ಪದೇ ಓಡುವವರಿಗೆ ಮಾತ್ರೆ ಹಿಡಿಸದಿದ್ದರೆ ಮೂತ್ರಕೋಶದ ಗೋಡೆಗೆ ಕೊಡುವುದುಂಟು. ಪಾರ್ಕಿನ್ಸನ್ ಇದ್ದು ಜೊಲ್ಲು ಸುರಿಯುವವರಿಗೆ ಜೊಲ್ಲಿನ ಗ್ರಂಥಿಗೆ.

ತಲೆನೋವಿಗೂ ಕೊಡುತ್ತಾರಂತೆ?

ಎಲ್ಲ ತಲೆನೋವಿಗಲ್ಲ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನ್, ಹೀಗೆ ಮೂರು ತಿಂಗಳಿಗೂ ಮೀರಿ ನಡೆದಿದ್ದರೆ ಮಾತ್ರ. ಅಮೆರಿಕದಲ್ಲಿ 2010ರಲ್ಲಿ ಒಪ್ಪಿದ ವಿಧಾನದಲ್ಲಿ ಹಣೆ, ಕಿವಿಯ ಮೇಲೆ, ತಲೆಯ ಹಿಂದೆ, ಕುತ್ತಿಗೆ, ಭುಜ ಸೇರಿ 31 ಕಡೆ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಒಂದೇ ಸಲಕ್ಕೆ ಫಲ ಕಾಣದಿರಬಹುದು. ಮೊದಲು ತಲೆನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಲು ಶುರುಮಾಡಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಅದು.

ಬೆವರಿಗೆ?

ಕಂಕುಳು ಚಳಿಯಲ್ಲೂ ತೊಯ್ದು ಹೋಗುವಷ್ಟು ಬೆವರುವವರಿಗೆ ಒಳ್ಳೆಯದು. ಬೆವರಿನ ಗ್ರಂಥಿಗೂ ಅದೇ ಅಸಿಟೈಲ್‌ಕೋಲಿನ್ ಬೇಕು, ಅದಕ್ಕೇ ನಿಲ್ಲುತ್ತದೆ. ಒಂದೊಂದು ಕಂಕುಳಿಗೆ 50 ಯೂನಿಟ್. ಅಂಗೈಗೂ ಕೊಡುತ್ತಾರೆ, ಆದರೆ ಅಲ್ಲಿ ನೋವು ಜಾಸ್ತಿ, ಕೆಲವು ವಾರ ಹಿಡಿತ ಸಡಿಲವಾಗಬಹುದು. ಕತ್ತಿ ಹಿಡಿದು ಕಪಾತು ಮಾಡುವವರು, ಏಣಿ ಹತ್ತಿ ಮೆಣಸು ಕುಯ್ಯುವವರು ಆ ಸಮಯ ಬಿಟ್ಟು ಮಾಡಿಸಿ.

ಅಡ್ಡ ಪರಿಣಾಮ ಏನೂ ಇಲ್ವಾ?

ಇದೆ. ಸಣ್ಣವು: ಚುಚ್ಚಿದ ಕಡೆ ನೀಲಿ ಕಟ್ಟುವುದು, ಒಂದೆರಡು ದಿನ ತಲೆನೋವು, ಅವ್ವನಿಗೆ ಆಗುವ ಹಾಗೆ ಕಣ್ಣು ಒಣಗುವುದು. ನಡುವಿನದು: ಔಷಧಿ ಪಕ್ಕದ ಮಾಂಸಖಂಡಕ್ಕೆ ಹರಿದು ರೆಪ್ಪೆ ಜೋತುಬೀಳುವುದು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ದೊಡ್ಡದು ಅಪರೂಪ, ಆದರೆ ನೆನಪಿಡಲೇಬೇಕು. ಔಷಧಿ ದೂರಕ್ಕೆ ಹರಡಿದರೆ ನುಂಗಲು ಕಷ್ಟ, ಮಾತು ತೊದಲುವುದು, ಉಸಿರಾಟಕ್ಕೆ ತೊಂದರೆ, ಎರಡೆರಡು ಕಾಣುವುದು, ಮೈಯೆಲ್ಲ ಸುಸ್ತು. ಕೆಲವು ಗಂಟೆಯಲ್ಲೂ ಬರಬಹುದು, ಕೆಲವು ವಾರ ಬಿಟ್ಟೂ ಬರಬಹುದು. ಬಂದರೆ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಹಾಕಿಸಿಕೊಂಡ ದಿನವನ್ನು ಅಲ್ಲಿ ಹೇಳಿ. ಒಳಗಿನ ಎಸ್ಟೇಟಿನಲ್ಲಿ ಇರುವವರು ಮನೆಯವರಿಗೂ ಇದನ್ನು ಹೇಳಿಟ್ಟಿರಿ.

ಯಾರು ಹಾಕಿಸಿಕೊಳ್ಳಬಾರದು?

ಬಸುರಿಯರು, ಹಾಲುಣಿಸುವವರು. ಮಯಸ್ಥೀನಿಯಾ ಗ್ರೇವಿಸ್‌ನಂಥ ನರ-ಮಾಂಸಖಂಡದ ಕಾಯಿಲೆ ಇರುವವರು. ಚುಚ್ಚುವ ಜಾಗದಲ್ಲಿ ಕೀವು, ಸೋಂಕು ಇರುವವರು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅವು ಇದರ ಪರಿಣಾಮ ಜಾಸ್ತಿ ಮಾಡುತ್ತವೆ. ರಕ್ತ ತೆಳುವಾಗುವ ಮಾತ್ರೆಯನ್ನೂ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಪಾರ್ಲರ್‌ನಲ್ಲಿ ಅರ್ಧ ದುಡ್ಡಿಗೆ ಹಾಕ್ತಾರೆ, ಹೋಗಬಹುದಾ?

ಬೇಡ. ನನ್ನ ಚಿಕ್ಕಮ್ಮನ ಮಗಳು ಮದುವೆಗೆ ಹತ್ತು ದಿನ ಇರುವಾಗ ಬೇರೆ ಊರಿನ ಒಂದು ಪಾರ್ಲರ್‌ನಲ್ಲಿ ಹಾಕಿಸಿಕೊಂಡಳು. ಬಲಗಣ್ಣಿನ ರೆಪ್ಪೆ ಅರ್ಧ ಇಳಿಯಿತು. ಮದುವೆ ಫೋಟೋಗಳಲ್ಲಿ ಅವಳು ಎಲ್ಲೂ ನೇರ ನೋಡಿಲ್ಲ. ಯಾವ ಔಷಧಿ, ಎಷ್ಟು ಯೂನಿಟ್ ಅಂತ ಕೇಳಿದರೆ ಹೇಳುವವರಿಲ್ಲ, ಬಿಲ್ಲೂ ಇಲ್ಲ. ಇಂಥದ್ದೇ ಅಂತ ಗೊತ್ತಾಗದೆ ಆಮೇಲೆ ನೋಡಿದ ಡಾಕ್ಟರಿಗೂ ಕಷ್ಟವಾಯಿತು. ಆರು ವಾರ ಅವಳು ಮನೆಯಿಂದ ಹೊರಗೆ ಬರಲಿಲ್ಲ.

ಈ ಔಷಧಿ ಸೀಸೆಯಲ್ಲಿ ಒಣಪುಡಿಯಾಗಿ ಬರುತ್ತದೆ. ಬೊಟಾಕ್ಸ್ ಆದರೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಸಲೈನ್ ಬೆರೆಸಿದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು ಅಂತ ಕಂಪನಿಯ ಸೂಚನೆಯಲ್ಲೇ ಇದೆ. ಜೂನ್, ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ನಮ್ಮ ಜಿಲ್ಲೆಯಲ್ಲಿ ಆ ಸೀಸೆ ಎಲ್ಲಿತ್ತು, ಹೇಗಿತ್ತು ಅಂತ ಕೇಳುವುದು ನಿಮ್ಮ ಹಕ್ಕು. ನಿಮ್ಮ ಎದುರೇ ಸೀಸೆ ತೋರಿಸಲಿ. ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಫೋಟೋ ತೆಗೆದುಕೊಳ್ಳಿ. ಎಷ್ಟು ಯೂನಿಟ್ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹಾಕುವವರು ಡಾಕ್ಟರಾ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನಂಬರ್ ಏನು, ಕೇಳಿ. ಖಾಸಗಿ ಕ್ಲಿನಿಕ್ ಆದರೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಎದ್ದು ಬನ್ನಿ.

ಖರ್ಚು ಎಷ್ಟು? ವಿಮೆ ಬರುತ್ತದಾ?

ಕೆಲವರು ಯೂನಿಟ್ ಲೆಕ್ಕ, ಕೆಲವರು ಜಾಗದ ಲೆಕ್ಕ ಹಾಕುತ್ತಾರೆ. ಹೋಲಿಸಬೇಕಾದರೆ ಒಂದೇ ಬ್ರ್ಯಾಂಡಿನ ಒಂದು ಯೂನಿಟ್‌ಗೆ ಎಷ್ಟು ಅಂತ ಕೇಳಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಬರುವ ಖರ್ಚು ಅನ್ನುವುದನ್ನು ಮರೆಯಬೇಡಿ. ಅಂದಕ್ಕೆ ಮಾಡಿಸಿದರೆ ವಿಮೆ ಬರುವುದಿಲ್ಲ. ಕಾಯಿಲೆಗೆ ಆದರೆ ಮೊದಲೇ ವಿಮಾ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ನಿಲ್ಲಿಸಿದರೆ ಮುಖ ಮೊದಲಿಗಿಂತ ಹಾಳಾಗುತ್ತದಾ?

ಇಲ್ಲ. ಮೊದಲು ಹೇಗಿತ್ತೋ ಹಾಗೆ.

ಇದೇ ವಿಷ ಊಟದಲ್ಲೂ ಬರುತ್ತದೆ ಅಂತೀರಲ್ಲ, ನಮ್ಮ ಅಡುಗೆಗೆ ಹೆದರಬೇಕಾ?

ಹೆದರಬೇಡಿ, ಎರಡು ವಿಷಯ ತಿಳಿದುಕೊಳ್ಳಿ. ಮೊದಲನೆಯದು ಜೇನು. ಕೊಡಗಿನ ಜೇನು ಅಂದರೆ ನಮಗೆಲ್ಲ ಹೆಮ್ಮೆ. ಆದರೆ ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಈ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ. ಎಳೆ ಮಗುವಿನ ಕರುಳಿನಲ್ಲಿ ಮಾತ್ರ ಅದು ಮೊಳೆತು ವಿಷ ಮಾಡಬಲ್ಲದು. ಒಂದು ವರ್ಷ ತುಂಬುವವರೆಗೆ ಮಗುವಿನ ನಾಲಿಗೆಗೆ ಒಂದು ತೊಟ್ಟು ಜೇನೂ ಬೇಡ. ಅಜ್ಜಿಯಂದಿರಿಗೆ ಬೇಜಾರಾಗಬಹುದು, ಸಮಾಧಾನವಾಗಿ ಹೇಳಿ.

ಎರಡನೆಯದು ಕಳಲೆ. 2006ರಲ್ಲಿ ಥಾಯ್ಲೆಂಡಿನ ನಾನ್ ಪ್ರಾಂತ್ಯದಲ್ಲಿ ಮನೆಯಲ್ಲೇ ಡಬ್ಬಿಗೆ ತುಂಬಿಟ್ಟ ಕಳಲೆ ತಿಂದು ಇನ್ನೂರಕ್ಕೂ ಹೆಚ್ಚು ಜನರಿಗೆ ಈ ವಿಷ ಏರಿತ್ತು. ಗಾಳಿ ಆಡದ, ಹುಳಿ ಇಲ್ಲದ ಡಬ್ಬಿಯಲ್ಲಿ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಕಡಿದು, ನೀರು ಬದಲಾಯಿಸಿ ನೆನೆಸಿ, ಕುದಿಸಿ ಆಗಲೇ ಮಾಡುವ ಬೈಂಬಳೆ ಕರಿಗೆ (ಕಳಲೆ ಸಾರಿಗೆ) ಆ ಭಯ ಇಲ್ಲ. ವರ್ಷಪೂರ್ತಿ ಇರಲಿ ಅಂತ ಬಿಗಿ ಮುಚ್ಚಳದ ಬಾಟಲಿಯಲ್ಲಿ ಸುಮ್ನೆ ತುಂಬಿಡುವುದು ಬೇಡ. ಮುಚ್ಚಳ ಉಬ್ಬಿದ ಡಬ್ಬಿ ಯಾವುದೇ ಆಗಲಿ, ರುಚಿ ಕೂಡ ನೋಡದೆ ಎಸೆಯಿರಿ.

ಕೊಡಗಿನಲ್ಲಿ ಇದ್ದುಕೊಂಡು ಎಲ್ಲಿಗೆ ಹೋಗುವುದು?

ಸುಕ್ಕಿಗೆ, ಬೆವರಿಗೆ ಚರ್ಮದ ಡಾಕ್ಟರ್. ಸೆಳೆತ, ಬಿಗಿತ, ಮೈಗ್ರೇನಿಗೆ ನರರೋಗದ ಡಾಕ್ಟರ್. ಮೊದಲು ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ, ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆಸಿಕೊಳ್ಳಿ. ವಿರಾಜಪೇಟೆ, ಕುಶಾಲನಗರದ ಕಡೆಯವರಿಗೆ ಮೈಸೂರು ಸುಲಭ, ಸಂಪಾಜೆ ಕಡೆಯವರಿಗೆ ಮಂಗಳೂರು. ಗೊಂದಲದ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಹೋಗುವಾಗ ಒಂದು ಕೆಲಸ ಮಾಡಿ. ಸೆಳೆತ ಬಂದಾಗ ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳಿ. ಡಾಕ್ಟರ ಎದುರು ಕೂತಾಗ ಅವ್ವನ ಕಣ್ಣು ಅರಳಿದ ಹಾಗೆ ತೆರೆದಿತ್ತು, ಏನೂ ಇಲ್ಲವೇನೋ ಅನ್ನುವಂತೆ. ಕಣದಲ್ಲಿ ನಾನು ತೆಗೆದ ಅರ್ಧ ನಿಮಿಷದ ವಿಡಿಯೋ ನೋಡಿ ಡಾಕ್ಟರ್ ಒಂದೇ ಮಾತಿನಲ್ಲಿ ಕಾಯಿಲೆಯ ಹೆಸರು ಹೇಳಿದರು.